ಹನ್ನೆರಡು ಚಾಪೆಯ ಪ್ರಯೋಗಶಾಲೆ: ಜಿಗೊರೊ ಕಾನೊ

ಇಂಟರ್ನಲ್ಸ್ ಹತ್ತಿರ ಬಂದಾಗಲೇ ಹಾಸ್ಟೆಲ್ಲಿನಲ್ಲಿ ದೊಡ್ಡ ದೊಡ್ಡ ಚರ್ಚೆಗಳು ಹುಟ್ಟಿಕೊಳ್ಳೋದು. ಹೋದ ಸೆಮಿಸ್ಟರ್‌ನಲ್ಲಿ ನಮ್ಮ ಫ್ಲೋರಿನಲ್ಲಿ ರಾತ್ರಿ ಹನ್ನೊಂದಕ್ಕೆ ಶುರುವಾಗಿ ಎರಡರವರೆಗೆ ನಡೆದ ಜಗಳ ಯಾವುದರ ಬಗ್ಗೆ ಗೊತ್ತಾ? ಕರಾಟೆ, ಬಾಕ್ಸಿಂಗ್, ಕುಂಗ್‌ಫು, ಕಳರಿ, ಕುಸ್ತಿ, ಇಷ್ಟರಲ್ಲಿ ನಿಜವಾದ ಹೊಡೆದಾಟದಲ್ಲಿ ಕೆಲಸಕ್ಕೆ ಬರೋದು ಯಾವುದು ಅಂತ. ಒಬ್ಬ ಹೈಸ್ಕೂಲಿನಲ್ಲಿ ಬ್ರೌನ್ ಬೆಲ್ಟ್ ತಗೊಂಡವನು. ಇನ್ನೊಬ್ಬನ ಊರಿನಲ್ಲಿ ಗರಡಿಮನೆ ಇದೆ. ಮೂರನೆಯವನು ಯೂಟ್ಯೂಬಿನಲ್ಲೇ ಪಿಎಚ್‌ಡಿ ಮಾಡಿದವನು. ಮೂವರೂ ತಮ್ಮ ತಮ್ಮ ಪಟ್ಟು ಬಿಡಲಿಲ್ಲ. ಕಣ್ಣಿಗೆ ಬೆರಳು ಹಾಕಿದರೆ ಯಾವ ಕುಸ್ತಿಪಟು ಉಳೀತಾನೆ ಅಂತ ಒಬ್ಬ, ಮೊದಲು ಬೆರಳು ಕಣ್ಣಿನ ತನಕ ಬರಲಿ ನೋಡೋಣ ಅಂತ ಇನ್ನೊಬ್ಬ. ಕೊನೆಗೆ ಮೂಲೆಯಲ್ಲಿ ಮ್ಯಾಗಿ ತಿನ್ನುತ್ತಿದ್ದವನು ಒಂದು ಮಾತು ಹೇಳಿದ. ಈ ರೂಮಿನಲ್ಲಿರುವ ಯಾರೂ ಜೀವಮಾನದಲ್ಲಿ ಒಂದು ಸಲವೂ ಸರಿಯಾಗಿ ಹೊಡೆದಾಡಿಲ್ಲವಂತೆ. ಅಲ್ಲಿಗೆ ಸಭೆ ಮುಗಿಯಿತು.

ಆದರೆ ಪ್ರಶ್ನೆ ಮಾತ್ರ ತಲೆಯಲ್ಲಿ ಉಳಿಯಿತು. ಹುಡುಕುತ್ತಾ ಹೋದಾಗ ಸಿಕ್ಕಿದ್ದು, ಸುಮಾರು ನೂರನಲವತ್ತು ವರ್ಷಗಳ ಹಿಂದೆ ಇದೇ ಪ್ರಶ್ನೆಯನ್ನು ಹಿಡಿದುಕೊಂಡು ಕೂತಿದ್ದ ಒಬ್ಬ ಕಾಲೇಜು ಹುಡುಗನ ಕಥೆ. ಅವನು ಬರೀ ವಾದ ಮಾಡಲಿಲ್ಲ, ಪ್ರಯೋಗ ಮಾಡಿದ. ಅವನ ಹೆಸರು ಜಿಗೊರೊ ಕಾನೊ. ಜೂಡೊ ಎಂಬ ಆಟವನ್ನು ಹುಟ್ಟುಹಾಕಿದವರು ಅಂತ ಜನರಲ್ ನಾಲೆಡ್ಜ್ ಪುಸ್ತಕದಲ್ಲಿ ಒಂದು ಸಾಲಿನಲ್ಲಿ ಬಂದುಹೋಗುವವರು. ಆ ಒಂದು ಸಾಲಿನ ಹಿಂದೆ ಇರುವುದನ್ನು ಇಲ್ಲಿ ಹೇಳುತ್ತೇನೆ.

ಸಣ್ಣ ಆಳು, ಹಳೆ ವಿದ್ಯೆ

ಕಾನೊ ಹುಟ್ಟಿದ್ದು 1860ರಲ್ಲಿ, ಜಪಾನಿನ ಕಡಲ ದಂಡೆಯ ಮಿಕಾಗೆ ಎಂಬ ಊರಿನಲ್ಲಿ. ಈಗ ಅದು ಕೋಬೆ ನಗರದೊಳಗೆ ಸೇರಿಹೋಗಿದೆ. ಅಕ್ಕಿಯಿಂದ ಮಾಡುವ ಸಾಕೆ ಮದ್ಯಕ್ಕೆ ಹೆಸರಾದ ಊರು ಅದು, ಇವರದೂ ಅದೇ ವ್ಯಾಪಾರದ ಅನುಕೂಲಸ್ಥ ಮನೆತನ. ಒಂಬತ್ತು ವರ್ಷದವನಿದ್ದಾಗ ತಾಯಿ ತೀರಿಕೊಂಡರು. ಆಮೇಲೆ ತಂದೆ ಹುಡುಗನನ್ನು ಓದಿಗಾಗಿ ಟೋಕಿಯೊಗೆ ಕರೆಸಿಕೊಂಡರು.

ಓದಿನಲ್ಲಿ ಹುಡುಗ ಚುರುಕು. ಇಂಗ್ಲಿಷು, ಜರ್ಮನ್ನು ಎಲ್ಲ ಬೇಗ ಹಿಡಿದ. ಆದರೆ ಮೈಕಟ್ಟು ಮಾತ್ರ ಕಡ್ಡಿ. ಪೂರ್ತಿ ಬೆಳೆದ ಮೇಲೂ ಎತ್ತರ ಐದಡಿ ಎರಡಿಂಚಿನ ಆಸುಪಾಸು. ಹದಿಹರೆಯದಲ್ಲಿ ತೂಕ ನಲವತ್ತು ಕಿಲೋ ಚಿಲ್ಲರೆ. ಬೋರ್ಡಿಂಗ್ ಶಾಲೆಯಲ್ಲಿ ಸಣ್ಣವನು, ಬುದ್ಧಿವಂತ, ಹಣವಂತರ ಮನೆಯ ಹುಡುಗ ಅಂದರೆ ಸೀನಿಯರ್‌ಗಳು ಸುಮ್ಮನೆ ಬಿಡ್ತಾರಾ? ಚೆನ್ನಾಗಿ ಪೆಟ್ಟು ತಿಂದ. ಚಿಕ್ಕವನು ದೊಡ್ಡವನನ್ನು ಕೆಡವಬಲ್ಲ ಜುಜುತ್ಸು ಎಂಬ ವಿದ್ಯೆ ಇದೆ ಅಂತ ಕೇಳಿದ್ದೇ ತಡ, ಕಲಿಯಬೇಕು ಅಂತ ಹಟ ಹಿಡಿದ.

ಆದರೆ ಕಾಲ ಬದಲಾಗಿತ್ತು. 1868ರಲ್ಲಿ ಹಳೆಯ ಶೋಗುನರ ಆಳ್ವಿಕೆ ಮುಗಿದು ಮೇಜಿ ಸರ್ಕಾರ ಬಂದಿತ್ತು. 1876ರಲ್ಲಿ ಸಮುರಾಯಿಗಳು ಕತ್ತಿ ಧರಿಸಿ ಓಡಾಡುವುದನ್ನೇ ನಿಷೇಧಿಸಲಾಯಿತು. ರೈಲು, ಟೆಲಿಗ್ರಾಫು, ಸೂಟು ಬೂಟು ಬರುತ್ತಿದ್ದ ದಿನಗಳಲ್ಲಿ ಜುಜುತ್ಸು ಅಂದರೆ ಹಳೆ ಕಾಲದ ಗೊಡ್ಡು ಸಾಮಾನು. ಮನೆಗೆ ಬರುತ್ತಿದ್ದ ಬಲ್ಲವರನ್ನು ಕೇಳಿದರೆ ಯಾರೂ ಕಲಿಸಲು ಒಪ್ಪಲಿಲ್ಲ. ಈ ಕಾಲದಲ್ಲಿ ಅದೆಲ್ಲ ಯಾಕೆ ಅಂತ ತಂದೆಯೂ ತಳ್ಳಿಹಾಕಿದರು.

1877ರಲ್ಲಿ ಟೋಕಿಯೊ ವಿಶ್ವವಿದ್ಯಾಲಯಕ್ಕೆ ಸೇರಿದ ಮೇಲೆ ಕಾನೊ ಒಂದು ಉಪಾಯ ಹುಡುಕಿದ. ಹೊಟ್ಟೆಪಾಡಿಗಾಗಿ ಎಷ್ಟೋ ಜುಜುತ್ಸು ಗುರುಗಳು ಮೂಳೆ ಕೂರಿಸುವ ವೈದ್ಯ ಮಾಡಿಕೊಂಡಿದ್ದರು. ಕೀಲು ತಪ್ಪಿಸಲು ಗೊತ್ತಿದ್ದವನಿಗೆ ಕೂರಿಸಲೂ ಗೊತ್ತಿರಬೇಕಲ್ಲ! ಹಾಗಾಗಿ ಹುಡುಗ ಮೂಳೆ ವೈದ್ಯರ ಬೋರ್ಡು ಕಂಡಲ್ಲೆಲ್ಲ ಒಳಗೆ ಹೋಗಿ ವಿಚಾರಿಸತೊಡಗಿದ. ಹೀಗೆ ವಿಚಾರಿಸುತ್ತಾ ಸಿಕ್ಕವರೇ ಫುಕುದಾ ಹಾಚಿನೊಸುಕೆ, ತೆಂಜಿನ್ ಶಿನ್ಯೊ ಎಂಬ ಪರಂಪರೆಯ ಗುರು.

ಮೂವರು ಗುರುಗಳು, ಮೂರು ಥರದ ಪಾಠ

ಇಲ್ಲಿ ಎರಡು ಪದಗಳನ್ನು ತಿಳಿದುಕೊಂಡರೆ ಮುಂದಿನದು ಸುಲಭ. ಒಂದು ಕತಾ. ಅಂದರೆ ಮೊದಲೇ ನಿಗದಿಯಾದ ವರಸೆ. ನೀನು ಹೀಗೆ ಹಿಡಿ, ನಾನು ಹೀಗೆ ತಿರುಗಿಸ್ತೀನಿ, ನೀನು ಬೀಳು ಎಂಬ ಒಪ್ಪಂದದ ಅಭ್ಯಾಸ. ಇನ್ನೊಂದು ರಂದೋರಿ. ಇಲ್ಲಿ ಒಪ್ಪಂದ ಇಲ್ಲ. ಇಬ್ಬರೂ ಒಬ್ಬರನ್ನೊಬ್ಬರು ಕೆಡವಲು ನೋಡ್ತಾರೆ, ಇಬ್ಬರೂ ಬೀಳದಿರಲು ನೋಡ್ತಾರೆ. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಕತಾ ಅಂದರೆ ಬಗೆಹರಿಸಿದ ಲೆಕ್ಕ, ರಂದೋರಿ ಅಂದರೆ ಉತ್ತರ ಗೊತ್ತಿಲ್ಲದ ಲೆಕ್ಕ.

ಫುಕುದಾ ರಂದೋರಿಗೆ ಒತ್ತು ಕೊಟ್ಟವರು. ಒಮ್ಮೆ ಒಂದು ಎಸೆತ ಹೇಗೆ ಕೆಲಸ ಮಾಡುತ್ತೆ, ಕೈ ಎಲ್ಲಿ ಇಡಬೇಕು, ಕಾಲು ಎಲ್ಲಿ ಅಂತ ಕಾನೊ ಪ್ರಶ್ನೆ ಮೇಲೆ ಪ್ರಶ್ನೆ ಕೇಳಿದನಂತೆ. ಗುರುಗಳು ವಿವರಣೆ ಕೊಡುವ ಬದಲು ಅವನನ್ನು ಎತ್ತಿ ಎಸೆದರು. ಎದ್ದು ಮತ್ತೆ ಕೇಳಿದ, ಮತ್ತೆ ಎಸೆದರು. ಸಾಕಷ್ಟು ಸಲ ಬಿದ್ದರೆ ತಾನಾಗಿಯೇ ಗೊತ್ತಾಗುತ್ತೆ ಎಂಬುದೇ ಅವರ ಸಿಲಬಸ್. ಕಾನೊ ಮೈತುಂಬಾ ಪಟ್ಟಿ ಕಟ್ಟಿಕೊಂಡು, ಘಾಟು ವಾಸನೆಯ ಮುಲಾಮು ಹಚ್ಚಿಕೊಂಡು ಕ್ಲಾಸಿಗೆ ಹೋಗುತ್ತಿದ್ದ. ಆದರೆ ಪ್ರಶ್ನೆ ಕೇಳುವುದನ್ನು ಬಿಡಲಿಲ್ಲ.

ಅಲ್ಲಿ ಫುಕುಶಿಮಾ ಕನೆಕಿಚಿ ಎಂಬ ದೈತ್ಯ ಸಹಪಾಠಿಯಿದ್ದ. ಏನು ಮಾಡಿದರೂ ಅವನನ್ನು ಅಲುಗಾಡಿಸಲಾಗುತ್ತಿರಲಿಲ್ಲ. ಜುಜುತ್ಸುವಿನಲ್ಲಿ ಉತ್ತರ ಸಿಗದಿದ್ದಾಗ ಕಾನೊ ಸುಮೋ ಪಟ್ಟುಗಳನ್ನು ಕಲಿತು ನೋಡಿದ, ನಡೆಯಲಿಲ್ಲ. ಆಮೇಲೆ ಲೈಬ್ರರಿಗೆ ಹೋಗಿ ಪಾಶ್ಚಾತ್ಯ ಕುಸ್ತಿಯ ಪುಸ್ತಕ ತೆಗೆದ. ಎದುರಾಳಿಯ ಕೆಳಗೆ ನುಗ್ಗಿ, ಕಾಲಿನ ನಡುವೆ ಒಂದು ಕೈ ಹಾಕಿ, ಮೂಟೆಯ ಹಾಗೆ ಭುಜದ ಮೇಲೆ ಹೊತ್ತು ಎಸೆಯುವ ಒಂದು ಪಟ್ಟು ಅದರಲ್ಲಿ ಸಿಕ್ಕಿತು. ಗುಟ್ಟಾಗಿ ಅಭ್ಯಾಸ ಮಾಡಿ ಒಂದು ದಿನ ಫುಕುಶಿಮಾನನ್ನು ನೆಲಕ್ಕೆ ಹಾಕಿದ. ಆ ಪಟ್ಟು ಇವತ್ತಿಗೂ ಜೂಡೊದಲ್ಲಿ ಕತಾಗುರುಮಾ ಎಂಬ ಹೆಸರಿನಲ್ಲಿ ಇದೆ. ಇಲ್ಲಿ ಕತಾ ಅಂದರೆ ಭುಜ, ವರಸೆಯ ಕತಾ ಬೇರೆ. ಈ ಪಟ್ಟನ್ನು ನೆನಪಿಟ್ಟುಕೊಳ್ಳಿ, ಕೊನೆಯಲ್ಲಿ ಮತ್ತೆ ಬರುತ್ತೆ.

ನನಗೆ ಇಲ್ಲಿ ಹಿಡಿಸಿದ್ದು ಗೆದ್ದದ್ದಲ್ಲ. ನಮ್ಮ ಶೈಲಿಯೇ ಶ್ರೇಷ್ಠ, ನಮ್ಮ ಪರಂಪರೆಯಲ್ಲಿ ಇಲ್ಲದ್ದು ಎಲ್ಲೂ ಇಲ್ಲ ಎಂಬ ಮಾತು ಆ ಕಾಲದ ಪ್ರತಿ ಗುರುಕುಲದಲ್ಲೂ ಇತ್ತು. ಹದಿನೆಂಟರ ಹುಡುಗನಿಗೆ ಅದು ತಟ್ಟಲೇ ಇಲ್ಲ. ಎಲ್ಲಿಂದ ಬಂತು ಅಂತ ಅವನು ಕೇಳಲಿಲ್ಲ, ಕೆಲಸ ಮಾಡುತ್ತಾ ಅಂತಷ್ಟೇ ಕೇಳಿದ.

1879ರ ಆಗಸ್ಟಿನಲ್ಲಿ ಅಮೆರಿಕದ ಮಾಜಿ ಅಧ್ಯಕ್ಷ ಯುಲಿಸಿಸ್ ಗ್ರಾಂಟ್ ಜಪಾನಿಗೆ ಬಂದಾಗ ಅವರ ಮುಂದೆ ನಡೆದ ಜುಜುತ್ಸು ಪ್ರದರ್ಶನದಲ್ಲಿ ಫುಕುದಾ ಜೊತೆಗೆ ಕಾನೊ ಕೂಡ ಇದ್ದ. ಅದಾದ ಕೆಲವೇ ದಿನಗಳಲ್ಲಿ ಫುಕುದಾ ತೀರಿಕೊಂಡರು. ಮುಂದೆ ಅದೇ ಪರಂಪರೆಯ ಇಸೊ ಮಸಾತೊಮೊ ಬಳಿ ಕಾನೊ ಕಲಿತ. ಇವರದು ಕತಾದಲ್ಲಿ ಎತ್ತಿದ ಕೈ. 1881ರಲ್ಲಿ ಅವರೂ ತೀರಿಕೊಂಡಾಗ ಕಿತೊ ಎಂಬ ಬೇರೆ ಪರಂಪರೆಯ ಈಕುಬೊ ತ್ಸುನೆತೊಶಿ ಬಳಿ ಹೋದ. ತೆಂಜಿನ್ ಶಿನ್ಯೊದಲ್ಲಿ ಹೊಡೆತ, ಕತ್ತು ಹಿಸುಕುವುದು, ಕೆಳಗೆ ಒತ್ತಿ ಹಿಡಿಯುವುದು ಜಾಸ್ತಿ. ಕಿತೊದಲ್ಲಿ ಎಸೆತಗಳದ್ದೇ ಕಾರುಬಾರು. ಒಂದೇ ದೇಹದ ಮೇಲೆ ಎರಡು ಸ್ಕೂಲುಗಳನ್ನು ಹೋಲಿಸಿ ನೋಡುವ ಅವಕಾಶ ಅವನಿಗೆ ಹೀಗೆ ಸಿಕ್ಕಿತು.

ಈಕುಬೊ ಐವತ್ತು ದಾಟಿದವರು. ಆದರೂ ಇಪ್ಪತ್ತರ ಕಾನೊನನ್ನು ಆಟಿಕೆಯ ಹಾಗೆ ಎಸೆಯುತ್ತಿದ್ದರು. ಯಾಕೆ ಹೀಗೆ ಅಂತ ಕಾನೊ ತಲೆ ಕೆಡಿಸಿಕೊಂಡ. ತಿಂಗಳುಗಟ್ಟಲೆ ಗಮನಿಸಿದ ಮೇಲೆ ಒಂದು ದಿನ ಇದ್ದಕ್ಕಿದ್ದಂತೆ ಗುರುಗಳ ಎಸೆತ ಒಂದೂ ತಾಗಲಿಲ್ಲ, ಶಿಷ್ಯನ ಎಸೆತಗಳೇ ತಾಗತೊಡಗಿದವು. ಬೆರಗಾದ ಗುರುಗಳಿಗೆ ಕಾನೊ ತಾನು ಕಂಡುಕೊಂಡದ್ದನ್ನು ವಿವರಿಸಿದ. ಎಸೆಯುವ ಮುಂಚೆಯೇ ಎದುರಾಳಿಯ ಸಮತೋಲ ಕೆಡಿಸಬೇಕು, ಎಸೆತ ಆಮೇಲಿನ ಮಾತು. ಇದಕ್ಕೆ ಕುಜುಶಿ ಅಂತ ಹೆಸರು.

ಫಸ್ಟ್ ಇಯರ್ ಮೆಕ್ಯಾನಿಕ್ಸ್ ನೆನಪಿದೆಯಾ? ಗುರುತ್ವ ಕೇಂದ್ರದಿಂದ ಇಳಿಬಿಟ್ಟ ಗೆರೆ ಎರಡು ಪಾದಗಳ ನಡುವಿನ ಜಾಗದೊಳಗೆ ಬಿದ್ದಷ್ಟು ಹೊತ್ತು ಮನುಷ್ಯ ನಿಂತಿರ್ತಾನೆ. ಅದು ಆಚೆ ಹೋದರೆ ಬೀಳ್ತಾನೆ, ಇಲ್ಲವೇ ಹೆಜ್ಜೆ ಹಾಕಬೇಕು. ಅವನು ತಳ್ಳಿದಾಗ ನೀನು ಎಳೆದರೆ, ಅವನದೇ ಬಲ ಆ ಗೆರೆಯನ್ನು ಆಚೆ ದಾಟಿಸುತ್ತೆ. ಆ ಕ್ಷಣದಲ್ಲಿ ಅವನ ಹೆಜ್ಜೆಗೆ ಅಡ್ಡ ಕಾಲು ಇಟ್ಟರೆ ಮುಗಿಯಿತು, ನೂರು ಕಿಲೋ ಆಸಾಮಿಯನ್ನು ಎತ್ತಬೇಕಾಗಿಲ್ಲ. ಹಳೆಯ ಗುರುಗಳಿಗೆ ಇದು ಮೈಯಲ್ಲಿ ಗೊತ್ತಿತ್ತು. ಕಾನೊ ಅದನ್ನು ಬಿಡಿಸಿ, ಹಂತ ಹಂತವಾಗಿ ಹೆಸರಿಟ್ಟು, ಯಾರು ಬೇಕಾದರೂ ಕಲಿಯುವ ಹಾಗೆ ಮಾಡಿದ: ಸಮತೋಲ ಕೆಡಿಸು, ಜಾಗಕ್ಕೆ ಹೊಂದಿಕೊ, ಎಸೆ.

ಏನು ಇಡಬೇಕು, ಏನು ಬಿಡಬೇಕು

1882ರಲ್ಲಿ, ಇಪ್ಪತ್ತೊಂದನೇ ವಯಸ್ಸಿನಲ್ಲಿ, ಕಾನೊ ಟೋಕಿಯೊದ ಐಶೋಜಿ ಎಂಬ ಬೌದ್ಧ ದೇವಾಲಯದ ಒಂದು ಕೋಣೆಯಲ್ಲಿ ಸ್ವಂತ ಶಾಲೆ ಶುರು ಮಾಡಿದರು. ಇನ್ನು ಮುಂದೆ ಅವರನ್ನು ಬಹುವಚನದಲ್ಲೇ ಕರೆಯೋಣ, ಮೇಷ್ಟ್ರಾದರಲ್ಲ! ಹನ್ನೆರಡು ತಾತಾಮಿ ಚಾಪೆಯ ಜಾಗ, ಅಂದರೆ ಸುಮಾರು 20 ಚದರ ಮೀಟರ್. ನಮ್ಮ ಹಾಸ್ಟೆಲ್ಲಿನ ಎರಡು ರೂಮು ಸೇರಿಸಿದಷ್ಟು. ಶಿಷ್ಯರು ಒಂಬತ್ತು ಜನ. ಹುಡುಗರು ಬಿದ್ದು ಬಿದ್ದು ನೆಲದ ಹಲಗೆ ಮುರಿಯುತ್ತಿದ್ದವಂತೆ. ಕಾನೊ ರಾತ್ರಿ ದೀಪ ಹಿಡಿದು ನೆಲದಡಿಗೆ ತೆವಳಿ ತಾವೇ ರಿಪೇರಿ ಮಾಡುತ್ತಿದ್ದರು ಎಂಬ ಕಥೆಯೂ ಇದೆ. ಆ ಶಾಲೆಯ ಹೆಸರು ಕೊಡೊಕನ್. ವಿದ್ಯೆಯ ಹೆಸರು ಜುಜುತ್ಸು ಅಲ್ಲ, ಜೂಡೊ. ಜುತ್ಸು ಅಂದರೆ ಕೌಶಲ, ಡೊ ಅಂದರೆ ದಾರಿ.

ನಮ್ಮ ಹಾಸ್ಟೆಲ್ ಜಗಳಕ್ಕೆ ಉತ್ತರ ಸಿಗುವುದು ಇಲ್ಲೇ. ಹಳೆಯ ಜುಜುತ್ಸುವಿನಲ್ಲಿ ಭಯಂಕರ ಪಟ್ಟುಗಳಿದ್ದವು. ಮರ್ಮಸ್ಥಾನಕ್ಕೆ ಹೊಡೆಯುವುದು, ಬೆರಳು ಮುರಿಯುವುದು, ಮಣಿಕಟ್ಟು, ಕಾಲಿನ ಕೀಲು ತಿರುಚುವುದು. ಕೇಳಲು ಚೆನ್ನಾಗಿರುತ್ತೆ. ಆದರೆ ಇವನ್ನು ಅಭ್ಯಾಸ ಮಾಡೋದು ಹೇಗೆ? ಪೂರ್ತಿ ಬಲದಿಂದ ಮಾಡಿದರೆ ಗೆಳೆಯನ ಕೈ ಮುರಿಯುತ್ತೆ, ನಾಳೆ ಅಭ್ಯಾಸಕ್ಕೆ ಯಾರೂ ಇರೋದಿಲ್ಲ. ಹಾಗಾಗಿ ನಿಧಾನವಾಗಿ, ಒಪ್ಪಂದದ ಮೇಲೆ, ಗಾಳಿಯಲ್ಲಿ ಮಾಡಬೇಕು. ಹತ್ತು ವರ್ಷ ಹೀಗೆ ಮಾಡಿದವನಿಗೆ, ಒಪ್ಪಂದ ಇಲ್ಲದ ಎದುರಾಳಿಯ ಮೇಲೆ ಅದು ನಡೆಯುತ್ತಾ ಇಲ್ಲವಾ ಅಂತ ಒಂದು ಸಲವೂ ಗೊತ್ತಾಗಿರೋದಿಲ್ಲ.

ಕಾನೊ ಪಟ್ಟುಗಳನ್ನೆಲ್ಲ ಎರಡು ಗುಂಪು ಮಾಡಿದರು. ಪೂರ್ತಿ ಬಲ ಹಾಕಿ, ಪೂರ್ತಿ ವಿರೋಧ ಇರುವವನ ಮೇಲೆ, ದಿನಾ ಮಾಡಬಹುದಾದದ್ದು ಒಂದು ಕಡೆ: ಎಸೆತ, ಒತ್ತಿ ಹಿಡಿಯುವುದು, ಕತ್ತಿನ ಹಿಡಿತ, ಕೀಲಿನ ಪಟ್ಟುಗಳಲ್ಲಿ ಕೆಲವು. ಇವು ರಂದೋರಿಗೆ. ಹೊಡೆತ, ಒದೆತ, ಆಯುಧ, ಉಳಿದ ಅಪಾಯದ್ದೆಲ್ಲ ಇನ್ನೊಂದು ಕಡೆ, ಕತಾದಲ್ಲಿ. ಬಿಸಾಕಲಿಲ್ಲ, ಬೇರೆ ಇಟ್ಟರು. ಜೊತೆಗೆ, ಎಸೆಯುವುದನ್ನು ಕಲಿಸುವ ಮೊದಲು ಬೀಳುವುದನ್ನು ಕಲಿಸಿದರು. ಬೀಳುವಾಗ ತೋಳನ್ನು ನೆಲಕ್ಕೆ ಬಡಿದು, ಬೆನ್ನನ್ನು ಉರುಳಿಸಿ, ಪೆಟ್ಟನ್ನು ಹೆಚ್ಚು ಜಾಗಕ್ಕೆ, ಹೆಚ್ಚು ಹೊತ್ತಿಗೆ ಹಂಚುವ ವಿದ್ಯೆ. ಬೀಳಲು ಗೊತ್ತಿದ್ದವನನ್ನು ದಿನಕ್ಕೆ ಐವತ್ತು ಸಲ ಎಸೆಯಬಹುದು. ಎಸೆಯುವವನಿಗೂ ಐವತ್ತು ಸಲದ ಅಭ್ಯಾಸ.

ಕಡಿಮೆ ಅಪಾಯದ ವಿದ್ಯೆ ಹೆಚ್ಚು ಉಪಯೋಗಕ್ಕೆ ಬರುತ್ತೆ ಅಂದರೆ ಉಲ್ಟಾ ಅನಿಸಬಹುದು. ಹಳೆಯ ಜುಜುತ್ಸು ಗುರುಗಳಿಗೂ ಹಾಗೇ ಅನಿಸಿತು. ಯೂನಿವರ್ಸಿಟಿ ಹುಡುಗನ ಪುಸ್ತಕದ ಜುಜುತ್ಸು ಅಂತ ಗೇಲಿ ಮಾಡಿದರು. ಪಂಥಾಹ್ವಾನಗಳು ಬಂದವು. 1880ರ ದಶಕದ ಎರಡನೇ ಅರ್ಧದಲ್ಲಿ ಟೋಕಿಯೊ ಪೊಲೀಸ್ ಇಲಾಖೆ ನಡೆಸಿದ ಪಂದ್ಯಗಳಲ್ಲಿ ಕೊಡೊಕನ್ನಿನ ಹುಡುಗರು, ಆ ಕಾಲದ ಬಲಿಷ್ಠ ತೊತ್ಸುಕಾ ಪಂಗಡದವರನ್ನು ಎದುರಿಸಿ ಹೆಚ್ಚಿನ ಪಂದ್ಯಗಳನ್ನು ಗೆದ್ದರು. ಸೈಗೊ ಶಿರೊ, ಯೊಕೊಯಾಮಾ ಸಕುಜಿರೊ, ಯಮಾಶಿತಾ ಯೋಶಿತ್ಸುಗು ಮುಂತಾದ ಹೆಸರುಗಳು ಮನೆಮಾತಾದವು. ಸೈಗೊ ಅಂತೂ ಕಾನೊ ಅವರಿಗಿಂತಲೂ ಕುಳ್ಳ. ಪೊಲೀಸರು ಜೂಡೊ ಕಲಿಸಲು ಕೊಡೊಕನ್ನಿನವರನ್ನೇ ಕರೆದುಕೊಂಡರು. ಗೆಲುವಿನ ಗುಟ್ಟು ಯಾವ ಗೂಢ ಪಟ್ಟೂ ಅಲ್ಲ. ಕೊಡೊಕನ್ನಿನ ಹುಡುಗರು ದಿನಾ ಸಂಜೆ ಒಬ್ಬರನ್ನೊಬ್ಬರು ನಿಜವಾಗಿ ಕೆಡವುತ್ತಿದ್ದರು, ಅಷ್ಟೆ.

ತೂತು ಕಂಡಾಗ

ಇಲ್ಲಿಗೆ ಕಥೆ ಮುಗಿದಿದ್ದರೆ ಕಾನೊ ಇನ್ನೊಬ್ಬ ಗೆದ್ದ ಗುರು ಆಗುತ್ತಿದ್ದರು ಅಷ್ಟೆ. ಆದರೆ ಗೆದ್ದವರಿಗೂ ಸೋಲು ಕಾದಿತ್ತು. ಫುಸೆನ್ ಎಂಬ ಪರಂಪರೆಯ ತನಾಬೆ ಮತಾಎಮೊನ್, ನಿಂತು ಎಸೆಯುವ ಜಗಳಕ್ಕೇ ಬರುತ್ತಿರಲಿಲ್ಲ. ಎದುರಾಳಿಯನ್ನು ನೆಲಕ್ಕೆ ಎಳೆದುಕೊಂಡು, ಅಲ್ಲಿ ಕತ್ತು, ಕೀಲುಗಳ ಪಟ್ಟು ಹಾಕುತ್ತಿದ್ದರು. ನಿಂತಾಗ ಹುಲಿಗಳಾಗಿದ್ದ ಕೊಡೊಕನ್ನಿನವರು ನೆಲದ ಮೇಲೆ ಪೇಚಾಡಿದರು. ಯಾಕೆ? ಅವರ ಅಭ್ಯಾಸದಲ್ಲಿ ಎಸೆತದ ಮೇಲೆ ಎಲ್ಲರ ಗಮನ ಇತ್ತು, ನೆಲದ ಆಟ ಹಿಂದೆ ಬಿದ್ದಿತ್ತು. ಯಾವುದನ್ನು ಪರೀಕ್ಷೆಗೆ ಹಾಕಿರಲಿಲ್ಲವೋ ಅದೇ ಕೈಕೊಟ್ಟಿತು.

ಸೋತ ಮೇಲೆ ನೆಪ ಹೇಳುವುದು ಸುಲಭವಿತ್ತು. ಅದು ನಿಜವಾದ ಜಗಳವೇ ಅಲ್ಲ, ನೆಲದ ಮೇಲೆ ಹೊರಳಾಡುವುದು ಗೌರವದ್ದಲ್ಲ ಅಂತೆಲ್ಲ ಹೇಳಬಹುದಿತ್ತು. ಕೊಡೊಕನ್ ಅದರ ಬದಲು ನೆಲದ ಪಟ್ಟುಗಳ ಅಭ್ಯಾಸ ಹೆಚ್ಚಿಸಿತು. 1906ರಲ್ಲಿ ಕಾನೊ ಅವರ ಮುಂದಾಳತ್ವದಲ್ಲಿ ಬೇರೆ ಬೇರೆ ಜುಜುತ್ಸು ಪರಂಪರೆಗಳ ಗುರುಗಳು ಕ್ಯೋಟೊದಲ್ಲಿ ಕೂತು ಕತಾಗಳನ್ನು ನಿಗದಿ ಮಾಡಿದರು. ಎದುರಾಳಿಗಳಾಗಿದ್ದವರನ್ನೇ ಒಂದೇ ಮೇಜಿಗೆ ಕೂರಿಸಿದ್ದು ಸಣ್ಣ ಕೆಲಸ ಅಲ್ಲ.

ಹೊಡೆತದ ಕಡೆಯೂ ತಮ್ಮ ವಿದ್ಯೆ ಬಡವಾಗಿದೆ ಅಂತ ಅವರಿಗೆ ಗೊತ್ತಿತ್ತು. 1922ರಲ್ಲಿ ಒಕಿನಾವಾದಿಂದ ಬಂದ ಗಿಚಿನ್ ಫುನಕೊಶಿ ಅವರನ್ನು ಕೊಡೊಕನ್ನಿಗೆ ಕರೆದು ಕರಾಟೆ ಪ್ರದರ್ಶನ ಮಾಡಿಸಿದರು. ಆಗ ಜಪಾನಿನ ಮುಖ್ಯ ದ್ವೀಪದಲ್ಲಿ ಕರಾಟೆ ಹೊಸಬರ ವಿದ್ಯೆ. ಇವತ್ತು ಕರಾಟೆ ಹುಡುಗರು ತೊಡುವ ಬಿಳಿ ಉಡುಪು, ಕಪ್ಪು ಬೆಲ್ಟು, ಡಾನ್ ದರ್ಜೆ ಎಲ್ಲ ಕಾನೊ ಅವರ ಜೂಡೊದಿಂದ ಅಲ್ಲಿಗೆ ಹೋದದ್ದು. ನಮ್ಮ ಬ್ರೌನ್ ಬೆಲ್ಟ್ ಗೆಳೆಯನಿಗೆ ಇದನ್ನು ಹೇಳಿದಾಗ ಅವನ ಮುಖ ನೋಡಬೇಕಿತ್ತು! 1928ರಲ್ಲಿ ಹಳೆಯ ಸಮರಕಲೆಗಳ ಅಧ್ಯಯನಕ್ಕೆ ಕೊಡೊಕನ್ನಿನಲ್ಲೇ ಒಂದು ಕೂಟ ಕಟ್ಟಿದರು. 1930ರಲ್ಲಿ ಮೊರಿಹೇ ಉಯೇಶಿಬಾ ಅವರ ವಿದ್ಯೆಯನ್ನು, ಅಂದರೆ ಮುಂದೆ ಐಕಿಡೊ ಅಂತ ಹೆಸರಾದದ್ದನ್ನು, ನೋಡಿ ಬಂದು ತಮ್ಮದೇ ಶಿಷ್ಯರನ್ನು ಕಲಿಯಲು ಅಲ್ಲಿಗೆ ಕಳಿಸಿದರು. ಆಗ ಅವರಿಗೆ ಎಪ್ಪತ್ತರ ಹತ್ತಿರ. ಸ್ವಂತ ಶೈಲಿ ಕಟ್ಟಿ ಲೋಕಪ್ರಸಿದ್ಧಿ ಪಡೆದವರೊಬ್ಬರು ಆ ವಯಸ್ಸಿನಲ್ಲಿ ಬೇರೆಯವರ ಗರಡಿಗೆ ಶಿಷ್ಯರನ್ನು ಕಳಿಸಿದ್ದು ಎಷ್ಟು ಅಪರೂಪ ಅಂತ ಯೋಚಿಸಿ.

ಹಡಗಿನ ಮೇಲೆ, ಊರಾಚೆ

ಕಾನೊ ಯಾವತ್ತೂ ಪೂರ್ಣಾವಧಿ ಪೈಲ್ವಾನ್ ಆಗಿರಲಿಲ್ಲ. ಅವರ ಕೆಲಸ ಶಿಕ್ಷಣ. 1889ರಲ್ಲಿ ಸರ್ಕಾರ ಅವರನ್ನು ಯುರೋಪಿನ ಶಿಕ್ಷಣ ನೋಡಿ ಬರಲು ಕಳಿಸಿತು. ವಾಪಸು ಬರುವಾಗ ಹಡಗಿನಲ್ಲಿ ದಷ್ಟಪುಷ್ಟ ರಷ್ಯನ್ ಅಧಿಕಾರಿಯೊಬ್ಬನ ಜೊತೆ ಬಲಾಬಲದ ಪಂದ್ಯ ನಡೆಯಿತು. ಅವನು ಗಟ್ಟಿಯಾಗಿ ತಬ್ಬಿ ಹಿಡಿದ, ಇವರು ತಿರುಗಿ ಎಸೆದರು. ನೋಡುತ್ತಿದ್ದವರು ಮೆಚ್ಚಿದ್ದು ಎಸೆತವನ್ನಲ್ಲ. ಆ ದೊಡ್ಡ ಆಳಿನ ತಲೆ ಡೆಕ್ಕಿಗೆ ಬಡಿಯದ ಹಾಗೆ ಕಾನೊ ಕೈಯಿಟ್ಟು ತಡೆದದ್ದನ್ನು. ಗಟ್ಟಿ ನೆಲದ ಮೇಲೆ ಒಂದು ಎಸೆತ ಜೀವವನ್ನೇ ತೆಗೆಯಬಹುದು ಅಂತ ಗೊತ್ತಿದ್ದವರಿಗೇ ಆ ಎಚ್ಚರ ಇರೋದು.

ಮುಂದೆ ಕುಮಾಮೊತೊದ ಕಾಲೇಜಿನ ಪ್ರಾಂಶುಪಾಲರಾದರು. 1893ರಿಂದ ಟೋಕಿಯೊದ ಉನ್ನತ ಶಿಕ್ಷಕರ ಕಾಲೇಜನ್ನು, ನಡುವೆ ಬಿಟ್ಟು ಬಿಟ್ಟು, ಎರಡು ದಶಕಗಳಿಗೂ ಹೆಚ್ಚು ನಡೆಸಿದರು. ಚೀನಾದಿಂದ ಬಂದ ವಿದ್ಯಾರ್ಥಿಗಳಿಗಾಗಿ ಕೊಬುನ್ ಎಂಬ ಶಾಲೆ ತೆರೆದರು. ಚೀನಾದ ದೊಡ್ಡ ಲೇಖಕ ಲು ಶುನ್ ಜಪಾನಿಗೆ ಬಂದಾಗ ಮೊದಲು ಓದಿದ್ದು ಅಲ್ಲೇ. ಹೆಣ್ಣುಮಕ್ಕಳಿಗೂ ಜೂಡೊ ಕಲಿಸಿದರು, 1926ರಲ್ಲಿ ಕೊಡೊಕನ್ನಿನಲ್ಲಿ ಮಹಿಳಾ ವಿಭಾಗವೇ ಶುರುವಾಯಿತು. 1909ರಲ್ಲಿ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿಯ ಮೊದಲ ಏಷ್ಯನ್ ಸದಸ್ಯರಾದರು. 1912ರ ಸ್ಟಾಕ್‌ಹೋಮ್ ಒಲಿಂಪಿಕ್ಸಿಗೆ ಜಪಾನಿನಿಂದ ಮೊದಲ ಬಾರಿಗೆ ಓಟಗಾರರು ಹೋದದ್ದು ಅವರ ನೇತೃತ್ವದಲ್ಲಿ. ಹೋದವರು ಇಬ್ಬರೇ ಇಬ್ಬರು.

ಶಿಷ್ಯರು ಲೋಕದ ತುಂಬಾ ಹರಡಿದರು. ಯಮಾಶಿತಾ 1904ರಲ್ಲಿ ಅಮೆರಿಕದ ಅಧ್ಯಕ್ಷ ಥಿಯೋಡರ್ ರೂಸ್‌ವೆಲ್ಟ್‌ಗೆ ಜೂಡೊ ಕಲಿಸಿದರು. ರವೀಂದ್ರನಾಥ ಟ್ಯಾಗೋರರ ಆಹ್ವಾನದ ಮೇಲೆ ಶಿನ್ಜೊ ತಕಗಾಕಿ 1929ರಲ್ಲಿ ಶಾಂತಿನಿಕೇತನಕ್ಕೆ ಬಂದು ಕಲಿಸಿದರು. ಎಲ್ಲ ಕಡೆ ಜಯವೇ ಸಿಕ್ಕಿತು ಅಂತಲ್ಲ. ಕಾನೊ ಅವರ ಮೊಟ್ಟಮೊದಲ ಶಿಷ್ಯ ತೊಮಿತಾ 1905ರಲ್ಲಿ ಅಮೆರಿಕದ ವೆಸ್ಟ್ ಪಾಯಿಂಟ್ ಸೈನಿಕ ಶಾಲೆಯಲ್ಲಿ ದೊಡ್ಡ ಮೈಯ ಕೆಡೆಟ್ ಒಬ್ಬನನ್ನು ಎಸೆಯಲಾಗದೆ ಮುಖಭಂಗ ಅನುಭವಿಸಿದರು. ತೊಮಿತಾಗೆ ಆಗ ನಲವತ್ತು, ಎದುರಿದ್ದವನು ತರುಣ. ವಯಸ್ಸು, ತೂಕ, ಬಲ ಇವು ಯಾವ ಶೈಲಿಯ ಮುಂದೆಯೂ ಸೊನ್ನೆ ಆಗೋದಿಲ್ಲ.

ಆ ಪ್ರಯಾಣದಲ್ಲಿ ತೊಮಿತಾ ಜೊತೆಗಿದ್ದ ಮಿತ್ಸುಯೊ ಮಾಯೆದಾ ಊರಿಗೆ ಮರಳಲಿಲ್ಲ. ದೇಶದಿಂದ ದೇಶಕ್ಕೆ ತಿರುಗಿ ಕುಸ್ತಿಪಟುಗಳು, ಬಾಕ್ಸರುಗಳು, ಯಾರು ಸಿಕ್ಕರೂ ಹಣಕ್ಕೆ ಪಂದ್ಯ ಆಡಿದರು. ಕೊಡೊಕನ್ನಿನ ದೃಷ್ಟಿಯಲ್ಲಿ ಅದು ಸರಿಯಾದ ದಾರಿ ಆಗಿರಲಿಲ್ಲ. 1914ರಲ್ಲಿ ಬ್ರೆಜಿಲ್ ತಲುಪಿ ಅಲ್ಲೇ ನೆಲೆಸಿದರು. ಅವರಿಂದ ಕಲಿತ ಕಾರ್ಲೊಸ್ ಗ್ರೇಸಿ ಎಂಬ ಹುಡುಗನ ಮನೆತನ ಮುಂದೆ ನೆಲದ ಪಟ್ಟುಗಳನ್ನೇ ಬೆಳೆಸಿ ಬ್ರೆಜಿಲಿಯನ್ ಜಿಯುಜಿತ್ಸು ಅಂತ ಪ್ರಸಿದ್ಧಿಗೆ ತಂದಿತು.

ಅವರ ನಂತರ

1938ರಲ್ಲಿ ಕೈರೋದಲ್ಲಿ ಒಲಿಂಪಿಕ್ ಸಮಿತಿಯ ಸಭೆ. 1940ರ ಕ್ರೀಡಾಕೂಟ ಟೋಕಿಯೊದಲ್ಲೇ ನಡೆಯುವಂತೆ ಉಳಿಸಿಕೊಂಡು ಬರಲು 77ರ ಕಾನೊ ಅಲ್ಲಿಗೆ ಹೋದರು. ಚೀನಾದ ಮೇಲೆ ಜಪಾನ್ ಯುದ್ಧ ಮಾಡುತ್ತಿದ್ದ ಹೊತ್ತು ಅದು. ಅವಕಾಶ ಉಳಿಸಿಕೊಂಡು, ಅಮೆರಿಕದ ದಾರಿಯಾಗಿ ವಾಪಸು ಬರುವಾಗ ಹಿಕಾವಾ ಮಾರು ಎಂಬ ಹಡಗಿನಲ್ಲಿ ನ್ಯುಮೋನಿಯಾ ಆಗಿ ಮೇ 4ರಂದು ತೀರಿಕೊಂಡರು. ಯೊಕೊಹಾಮಾ ತಲುಪಲು ಇನ್ನೆರಡೇ ದಿನ ಇತ್ತು. ಎರಡು ತಿಂಗಳಲ್ಲಿ ಸರ್ಕಾರ ಆ ಒಲಿಂಪಿಕ್ಸನ್ನೇ ಕೈಬಿಟ್ಟಿತು. ಆ ಹಡಗು ಮಾತ್ರ ಇವತ್ತಿಗೂ ಯೊಕೊಹಾಮಾದಲ್ಲಿ ಮ್ಯೂಸಿಯಂ ಆಗಿ ನಿಂತಿದೆ.

1951ರಲ್ಲಿ ಜೂಡೊ ಪಟು ಕಿಮುರಾ, ರಿಯೊ ಡಿ ಜನೈರೊದಲ್ಲಿ ಕಾರ್ಲೊಸ್ ತಮ್ಮ ಹೇಲಿಯೊ ಗ್ರೇಸಿಯನ್ನು ತೋಳಿನ ಪಟ್ಟಿನಿಂದ ಸೋಲಿಸಿದರು. 1964ರಲ್ಲಿ ಟೋಕಿಯೊ ಒಲಿಂಪಿಕ್ಸಿಗೆ ಜೂಡೊ ಬಂತು. ತೂಕದ ಮಿತಿಯಿಲ್ಲದ ವಿಭಾಗದಲ್ಲಿ ಆರೂವರೆ ಅಡಿಯ ಡಚ್ಚ ಆಂಟನ್ ಹೇಸಿಂಕ್, ಜಪಾನಿನ ಕಮಿನಾಗಾ ಅವರನ್ನು ನೆಲಕ್ಕೆ ಒತ್ತಿ ಹಿಡಿದು ಗೆದ್ದಾಗ ಇಡೀ ಸಭಾಂಗಣ ಸ್ತಬ್ಧವಾಯಿತು. ಕುಣಿಯುತ್ತಾ ಒಳಗೆ ನುಗ್ಗಿದ ತನ್ನ ದೇಶದವರನ್ನು ಹೇಸಿಂಕ್ ಕೈ ಎತ್ತಿ ತಡೆದರು. ಸಣ್ಣವನು ದೊಡ್ಡವನನ್ನು ಕೆಡವುವ ವಿದ್ಯೆಯನ್ನು ದೊಡ್ಡವನೂ ಅಷ್ಟೇ ಶ್ರದ್ಧೆಯಿಂದ ಕಲಿತರೆ ಏನಾಗುತ್ತೆ ಅಂತ ಅವತ್ತು ಗೊತ್ತಾಯಿತು.

1993ರಲ್ಲಿ ಅಮೆರಿಕದ ಡೆನ್ವರಿನಲ್ಲಿ ಮೊದಲ ಯುಎಫ್‌ಸಿ ನಡೆಯಿತು. ಯಾವ ಶೈಲಿ ಮೇಲು ಅಂತ ನೋಡಲೆಂದೇ ಮಾಡಿದ ಕೂಟ. ಬಾಕ್ಸರ್, ಸುಮೋ, ಕರಾಟೆ, ಒದೆತದವರು ಎಲ್ಲ ಇದ್ದರು. ಹೇಲಿಯೊ ಮಗ ರಾಯ್ಸ್ ಗ್ರೇಸಿ, ಅಲ್ಲಿದ್ದವರಲ್ಲಿ ಸಣಕಲ ಎನ್ನಬಹುದಾದವನು, ಒಂದೇ ರಾತ್ರಿ ಮೂವರನ್ನು ಕತ್ತಿನ ಹಿಡಿತ, ನೆಲದ ಆಟದಿಂದಲೇ ಸೋಲಿಸಿದ. ಉಳಿದವರಲ್ಲಿ ಹೆಚ್ಚಿನವರು ನೆಲದ ಮೇಲೆ ಹೋರಾಡಿಯೇ ನೋಡಿರಲಿಲ್ಲ, ಕೊಡೊಕನ್ನಿನವರು ತನಾಬೆ ಮುಂದೆ ಪೇಚಾಡಿದ್ದರಲ್ಲ, ಹಾಗೆ. ಕೆಲವೇ ವರ್ಷಗಳಲ್ಲಿ ಹೊಡೆಯುವವರೂ ನೆಲದ ಆಟ ಕಲಿತರು, ಆಗ ಬರೀ ನೆಲದ ಆಟದವರು ಸೋಲತೊಡಗಿದರು.

ಮೊದಲು ನೆನಪಿಟ್ಟುಕೊಳ್ಳಿ ಅಂದಿದ್ದೆನಲ್ಲ, ಆ ಕತಾಗುರುಮಾ? 2010ರಿಂದ ಅಂತರರಾಷ್ಟ್ರೀಯ ಜೂಡೊ ಪಂದ್ಯಗಳಲ್ಲಿ ಎದುರಾಳಿಯ ಕಾಲಿಗೆ ಕೈ ಹಾಕುವುದಕ್ಕೆ ಕಡಿವಾಣ ಬಿತ್ತು, 2013ರಲ್ಲಿ ಪೂರ್ತಿ ನಿಷೇಧವಾಯಿತು. ಹದಿನೆಂಟರ ಕಾನೊ ಲೈಬ್ರರಿಯಿಂದ ತಂದು ಫುಕುಶಿಮಾನನ್ನು ಕೆಡವಿದ ಆ ಪಟ್ಟು, ಅದೇ ರೂಪದಲ್ಲಿ ಹಾಕಿದರೆ, ಅವರೇ ಕಟ್ಟಿದ ಆಟದಲ್ಲಿ ತಪ್ಪಾಯಿತು. ಎಸೆತದ ಅಂದ ಉಳಿಸಲು ಮಾಡಿದ ನಿಯಮ ಅದು, ಅದಕ್ಕೆ ಅದರದೇ ಕಾರಣ ಇದೆ. ಆದರೆ ಯಾವುದನ್ನು ನಿಯಮ ಹೊರಗಿಡುತ್ತೋ ಅದಕ್ಕೆ ಉತ್ತರ ಕೊಡುವುದನ್ನು ಮೈ ಮರೆಯುತ್ತೆ. ಲ್ಯಾಬಿನಲ್ಲಿ ಒಂದು ತೊಲೆಯನ್ನು ಎಳೆತಕ್ಕೆ ಮಾತ್ರ ಪರೀಕ್ಷಿಸಿ, ಬಾಗಿಸಿದಾಗ ಮುರೀತು ಅಂತ ಆಶ್ಚರ್ಯಪಟ್ಟರೆ ತಪ್ಪು ತೊಲೆಯದಲ್ಲ.

ಹಾಗಾದರೆ ಆ ರಾತ್ರಿಯ ಪ್ರಶ್ನೆಗೆ ಉತ್ತರ ಏನು? ಕರಾಟೆಯೋ ಕುಸ್ತಿಯೋ ಅನ್ನೋದಕ್ಕಿಂತ, ಅದನ್ನು ನೀನು ಒಪ್ಪದವನ ಮೇಲೆ, ಪೂರ್ತಿ ಬಲದಿಂದ, ಎಷ್ಟು ಸಲ ಮಾಡಿ ನೋಡಿದ್ದೀಯ ಅನ್ನೋದು ಮುಖ್ಯ. ಕಣ್ಣಿಗೆ ಬೆರಳು ಹಾಕುವ ನಮ್ಮ ಗೆಳೆಯ ಅದನ್ನು ಒಂದು ಸಲವೂ ಮಾಡಿಲ್ಲ, ಮಾಡಲೂಬಾರದು. ಗರಡಿಯಲ್ಲಿ ಮಣ್ಣು ಮುಕ್ಕಿದ ಹುಡುಗ ಸಾವಿರ ಸಲ ಬಿದ್ದು ಎದ್ದಿದ್ದಾನೆ. ಪಣ ಕಟ್ಟುವುದಾದರೆ ನಾನು ಅವನ ಮೇಲೆ ಕಟ್ಟುತ್ತೇನೆ. ಆದರೆ ಬೀದಿಯಲ್ಲಿ ಚಾಪೆ ಇರೋದಿಲ್ಲ, ಎದುರಿಗೆ ಒಬ್ಬನೇ ಇರುತ್ತಾನೆ ಅಂತಿಲ್ಲ, ಜೇಬಿನಲ್ಲಿ ಚಾಕು ಇಲ್ಲ ಅಂತಲೂ ಇಲ್ಲ. ಅಲ್ಲಿ ಎಲ್ಲ ಶೈಲಿಗಿಂತ ಮೇಲು ಓಟ.

ಪೆಟ್ಟು ತಿಂದ ಸಿಟ್ಟಿಗೆ ಕಲಿಯಲು ಹೊರಟ ಹುಡುಗ ಕೊನೆಗೆ ಕಟ್ಟಿದ್ದು, ಗೆಳೆಯನಿಗೆ ಗಾಯ ಮಾಡದೆ ಅವನ ಜೊತೆ ನಿಜವಾಗಿ ಸೆಣಸುವ ಒಂದು ಜಾಗವನ್ನು. ನಮ್ಮ ಫ್ಲೋರಿನ ಮೂವರೂ ಈಗ ಶನಿವಾರ ಸಂಜೆ ಕಾಲೇಜಿನ ಜಿಮ್ಮಿನಲ್ಲಿ ಎರಡು ಹಳೆ ಚಾಪೆ ಹಾಕಿಕೊಂಡಿದ್ದಾರೆ. ಸದ್ಯಕ್ಕೆ ಬೀಳೋದು ಹೇಗೆ ಅಂತ ಕಲೀತಿದ್ದಾರೆ.